ಜೀಪಿನ ಭಾಗಗಳನ್ನು ಮನೆಯಲ್ಲೇ ಮಾಡಲು ಕಡಿಮೆ ಬಜೆಟ್ಟಿನ ಬೆಂಡರ್: ಬಳಸಿದವರ ಅನುಭವಗಳು

ಪ್ರಶ್ನೆ

ಸಕಲೇಶಪುರದ ಹತ್ತಿರ ನಮ್ಮ ತೋಟವಿದೆ. ಹಳೆಯ ಮಹೀಂದ್ರ ಎಂಎಂ 540 ಜೀಪಿಗೆ ಮುಂದಿನ ಬಂಪರ್, ಎರಡೂ ಬದಿಗೆ ಕಲ್ಲು ತಾಗದಂತೆ ಕಾಯುವ ರಾಕ್ ಸ್ಲೈಡರ್, ಎಂಜಿನ್ ಅಡಿಗೆ ರಕ್ಷಣೆಯ ಸ್ಕಿಡ್ ಪ್ಲೇಟ್ ಮತ್ತು ಮುಂದೆ ಸಾಧ್ಯವಾದರೆ ಜೀಪು ಮಗುಚಿದಾಗ ಒಳಗಿನವರನ್ನು ಕಾಯುವ ಟ್ಯೂಬಿನ ಚೌಕಟ್ಟು, ಅಂದರೆ ರೋಲ್ ಕೇಜ್ ಮಾಡಿಕೊಳ್ಳಬೇಕೆಂದಿದ್ದೇನೆ. ವೆಲ್ಡಿಂಗ್ ಮೆಷಿನ್, ಗ್ರೈಂಡರ್, ಕಟಿಂಗ್ ಮೆಷಿನ್ ಇವೆ. ಬಗ್ಗಿಸುವ ಸಾಧನ ಮಾತ್ರ ಇಲ್ಲ. ಇದಕ್ಕಾಗಿ 30,000 ರೂಪಾಯಿ ತೆಗೆದಿರಿಸಿದ್ದೇನೆ. ಜಾಕಿಯಿಂದ ಒತ್ತುವ ಹೈಡ್ರಾಲಿಕ್ ಪೈಪ್ ಬೆಂಡರ್ ಒಂದಿದ್ದರೆ ಎಲ್ಲ ಕೆಲಸವೂ ಆಗುತ್ತದೆ ಎಂದು ಅಂಗಡಿಯವರು ಹೇಳುತ್ತಿದ್ದಾರೆ. ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ಹಾಸನದಲ್ಲಿ ಫ್ಯಾಬ್ರಿಕೇಶನ್ ವರ್ಕ್‌ಶಾಪ್ ನಡೆಸುವವರಿಂದ

ಅಂಗಡಿಯವರ ಮಾತು ಅರ್ಧ ನಿಜ. ಆ ಬೆಂಡರ್ ನಿಮ್ಮ ಬಜೆಟ್ಟಿನೊಳಗೆ ಬರುತ್ತದೆ, ಗಟ್ಟಿಮುಟ್ಟಾಗಿಯೂ ಇರುತ್ತದೆ. ಆದರೆ ಅದು ಪೈಪಿಗಾಗಿ ಮಾಡಿದ ಯಂತ್ರ, ಟ್ಯೂಬಿಗಾಗಿ ಮಾಡಿದ್ದಲ್ಲ. ಈ ವ್ಯತ್ಯಾಸ ಮನಸ್ಸಿನಲ್ಲಿ ಸ್ಪಷ್ಟವಾದರೆ ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಬಗೆಹರಿದಂತೆ.

ನೀರಿನ ಪೈಪನ್ನು ಗುರುತಿಸುವುದು ಅದರ ನಾಮಮಾತ್ರದ ಒಳಅಳತೆಯಿಂದ. ಒಂದು ಇಂಚಿನ ಪೈಪು ಎಂದು ಕೊಂಡದ್ದರ ಹೊರವ್ಯಾಸ 33.7 ಮಿ.ಮೀ. ಇರುತ್ತದೆ, ಒಂದೂಕಾಲು ಇಂಚಿನದು 42.4, ಒಂದೂವರೆ ಇಂಚಿನದು 48.3. ಟ್ಯೂಬನ್ನು ಕರೆಯುವುದು ಹೊರವ್ಯಾಸದಿಂದಲೇ. ಒಂದೂವರೆ ಇಂಚಿನ ಟ್ಯೂಬ್ ಎಂದರೆ ಹೊರಗಿನಿಂದ ಅಳೆದಾಗ 38.1 ಮಿ.ಮೀ. ಈಗ ಹೈಡ್ರಾಲಿಕ್ ಬೆಂಡರಿನ ಪೆಟ್ಟಿಗೆಯಲ್ಲಿ ಬರುವ ಅರ್ಧ ಇಂಚಿನಿಂದ ಎರಡು ಇಂಚಿನವರೆಗಿನ ಡೈಗಳೆಲ್ಲ (ಪೈಪನ್ನು ಕೂರಿಸಿ ಒತ್ತುವ ತೋಡಿನ ಅಚ್ಚುಗಳು) ಪೈಪಿನ ಅಳತೆಯವು. 38.1ರ ಟ್ಯೂಬನ್ನು 42.4ರ ಡೈಯಲ್ಲಿಟ್ಟು ಒತ್ತಿದರೆ ಎರಡೂ ಪಕ್ಕದಲ್ಲಿ ಆಸರೆಯಿಲ್ಲದೆ ಟ್ಯೂಬ್ ಅಗಲವಾಗುತ್ತದೆ, ಮೇಲೆ ಕೆಳಗೆ ಚಪ್ಪಟೆಯಾಗುತ್ತದೆ, ಬಾಗಿನ ಒಳಬದಿಯಲ್ಲಿ ಮೊದಲು ಸಣ್ಣ ಸುಕ್ಕು ಕಾಣಿಸಿಕೊಂಡು ಮುಂದಿನ ಎರಡು ಪಂಪಿಗೆ ಪೂರ್ತಿ ಮಡಚಿಕೊಳ್ಳುತ್ತದೆ. ಇದಕ್ಕೆ ಯಂತ್ರ ಕಾರಣವಲ್ಲ. ಡೈ ಮತ್ತು ಟ್ಯೂಬ್ ಒಂದಕ್ಕೊಂದು ಹೊಂದಲಿಲ್ಲ ಅಷ್ಟೆ.

ಆದ್ದರಿಂದ ಅಂಗಡಿಗೆ ಹೋಗುವಾಗ ನೀವು ಬಳಸಲಿರುವ ಪೈಪಿನ ಒಂದಡಿ ತುಂಡನ್ನು ಜೊತೆಗೆ ಒಯ್ಯಿರಿ. ಡೈಯನ್ನು ಕೈಗೆತ್ತಿಕೊಂಡು ತುಂಡನ್ನು ಅದರ ತೋಡಿನಲ್ಲಿ ಕೂರಿಸಿ, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಪೈಪಿನ ಅರ್ಧ ಸುತ್ತು ತೋಡಿನೊಳಗೆ ಬಿಗಿಯಾಗಿ ಕೂತು, ಬದಿಗಳಲ್ಲಿ ಬೆಳಕು ನುಸುಳದಿದ್ದರೆ ಡೈ ಸರಿಯಿದೆ. ತೋಡಿನ ಒಳಮೈಯಲ್ಲಿ ಎರಕದ ಗುಳಿಗಳಿದ್ದರೆ, ಅಂಚು ಚೂಪಾಗಿದ್ದರೆ, ಅದು ಪೈಪಿನ ಮೇಲೆ ಗೆರೆ ಕೊರೆಯುತ್ತದೆ. ಜಾಕಿ ಎಷ್ಟು ಟನ್ನಿನದು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ.

ಹಾಗಾದರೆ ಇಂಥ ಬೆಂಡರ್ ಕೊಳ್ಳಬಾರದೇ? ಕೊಳ್ಳಬಹುದು, ಆದರೆ ಅದಕ್ಕೆ ಒಪ್ಪುವ ಮಾಲನ್ನು ಆರಿಸಿಕೊಳ್ಳಬೇಕು. ಉಕ್ಕಿನ ಪೈಪಿನ ಭಾರತೀಯ ಮಾನದಂಡವಾದ ಐಎಸ್ 1239ರ ಬಿ ಕ್ಲಾಸ್ (ಮಧ್ಯಮ ದಪ್ಪದ) ಕಪ್ಪು, ಅಂದರೆ ಸತು ಲೇಪಿಸದ ಪೈಪಿನಲ್ಲಿ ಒಂದೂಕಾಲು ಮತ್ತು ಒಂದೂವರೆ ಇಂಚಿನ ಅಳತೆಗಳ ಗೋಡೆ 3.2 ಮಿ.ಮೀ. ದಪ್ಪವಿರುತ್ತದೆ. ಡೈಗೆ ಸರಿಯಾಗಿ ಕೂರುವುದರಿಂದಲೂ ಗೋಡೆ ದಪ್ಪವಿರುವುದರಿಂದಲೂ ಇವು ಜಾಕಿ ಬೆಂಡರಿನಲ್ಲಿ ಒಪ್ಪುವಂತೆ ಬಾಗುತ್ತವೆ. ಬೆಲೆ ಕಡಿಮೆಯೆಂದು 16 ಗೇಜಿನ, ಅಂದರೆ ಸುಮಾರು 1.6 ಮಿ.ಮೀ. ಗೋಡೆಯ ಟ್ಯೂಬ್ ತಂದರೆ ಅದೇ ಬೆಂಡರ್ ಅದನ್ನು ಹಾಳುಮಾಡುತ್ತದೆ. ಬಿ ಕ್ಲಾಸಿನ ಒಂದೂವರೆ ಇಂಚಿನ ಪೈಪು ಮೀಟರಿಗೆ ಸುಮಾರು 3.6 ಕೆ.ಜಿ. ತೂಗುತ್ತದೆ ಎಂಬುದು ನೆನಪಿರಲಿ. ತೂಕ ಏರುತ್ತದೆ, ಆದರೆ ಸ್ಲೈಡರಿಗೆ ಅದರಿಂದ ತೊಂದರೆಯಿಲ್ಲ. ಸತು ಲೇಪಿಸಿದ ಜಿಐ ಪೈಪು ಬೇಡವೇ ಬೇಡ, ವೆಲ್ಡ್ ಮಾಡುವಾಗ ಸತುವಿನ ಹೊಗೆ ಎದೆಗೆ ಸೇರುತ್ತದೆ.

ಇನ್ನೊಂದು ಮಾತು. ರಾಕ್ ಸ್ಲೈಡರಿಗೆ ಬೆಂಡರ್ ಅಷ್ಟೇನೂ ಬೇಕಾಗಿಲ್ಲ. ಅದರ ಬಹುಭಾಗ ನೇರ ಪೈಪು ಇಲ್ಲವೆ ಚೌಕ ಸೆಕ್ಷನ್. ತುದಿಗಳ ಸಣ್ಣ ಓರೆಯನ್ನು ಕೋನಕ್ಕೆ ಕತ್ತರಿಸಿ ಜೋಡಿಸಿದರೂ ಸಾಕು. ಅಲ್ಲಿ ಮುಖ್ಯವಾದದ್ದು ಅದನ್ನು ಜೀಪಿನ ಬಾಡಿಯ ತಗಡಿಗೆ ಕಟ್ಟದೆ ಚಾಸಿಗೆ (ಅಡಿಯ ಮುಖ್ಯ ಚೌಕಟ್ಟಿಗೆ) ಕಟ್ಟುವುದು, ಕಾಲುಗಳ ಬುಡದಲ್ಲಿ ಚಾಸಿಯ ಮೇಲೆ ಹೊರೆ ಹಂಚುವ ಪ್ಲೇಟ್ ಕೊಡುವುದು.

ಉತ್ತರ 2: ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸದಲ್ಲಿರುವವರಿಂದ

ಮೇಲಿನವರು ಪೈಪಿನ ಬಗ್ಗೆ ಹೇಳಿದ್ದಾರೆ, ನಾನು ಸ್ಕಿಡ್ ಪ್ಲೇಟಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ಪ್ಲೇಟು ಬಗ್ಗಿಸುವುದು ಪೈಪ್ ಬೆಂಡರಿನಿಂದ ಆಗುವ ಕೆಲಸವಲ್ಲ. 20 ಟನ್ನಿನ ವರ್ಕ್‌ಶಾಪ್ ಪ್ರೆಸ್ಸಿಗೆ ವಿ ಡೈ (ವಿ ಆಕಾರದ ತೋಡಿರುವ ಅಚ್ಚು) ಮತ್ತು ಪಂಚ್ (ಮೇಲಿನಿಂದ ಪ್ಲೇಟನ್ನು ಅದರೊಳಗೆ ಒತ್ತುವ ಅಲಗು) ಜೋಡಿಸಿಕೊಂಡು ಮನೆಯಲ್ಲೇ ಬಗ್ಗಿಸುವವರಿದ್ದಾರೆ. ಅದರ ಮಿತಿಯನ್ನು ಲೆಕ್ಕ ಹಾಕಿಯೇ ಕೊಳ್ಳಬೇಕು. ವಿ ಡೈಯ ಬಾಯಿಯನ್ನು ಪ್ಲೇಟಿನ ದಪ್ಪದ ಎಂಟು ಪಟ್ಟು ಇಟ್ಟುಕೊಂಡರೆ, ಸಾಮಾನ್ಯ ಮೈಲ್ಡ್ ಸ್ಟೀಲಿನ 6 ಮಿ.ಮೀ. ಪ್ಲೇಟನ್ನು ಬಗ್ಗಿಸಲು ಒಂದು ಮೀಟರ್ ಉದ್ದಕ್ಕೆ ಸುಮಾರು 45 ಟನ್ ಬಲ ಬೇಕು, 4 ಮಿ.ಮೀ. ಪ್ಲೇಟಿಗೆ ಸುಮಾರು 30 ಟನ್. ಅಂದರೆ 20 ಟನ್ನಿನ ಪ್ರೆಸ್ಸು 6 ಮಿ.ಮೀ. ಪ್ಲೇಟನ್ನು ಲೆಕ್ಕದ ಪ್ರಕಾರವೇ 440 ಮಿ.ಮೀ. ಉದ್ದದವರೆಗೆ ಮಾತ್ರ ಬಗ್ಗಿಸಬಲ್ಲದು. ಪಂಚಿನ ಕೆಳಗಿರುವ ತೊಲೆ ನಡುವಿನಲ್ಲಿ ಸ್ವಲ್ಪ ಬಾಗುವುದರಿಂದ 300 ಮಿ.ಮೀ. ದಾಟದಿರುವುದು ಲೇಸು. ಬ್ರಾಕೆಟ್ಟುಗಳಿಗೆ, ವಿಂಚ್ ಮೌಂಟಿನ ಕಿವಿಗಳಿಗೆ, ಶಾಕ್ ಅಬ್ಸಾರ್ಬರ್ ಟವರಿಗೆ ಇಷ್ಟು ಧಾರಾಳವಾಯಿತು. ಪೂರ್ತಿ ಅಗಲದ ಸ್ಕಿಡ್ ಪ್ಲೇಟಿಗೆ ಸಾಲದು.

ಆದುದರಿಂದ ಸ್ಕಿಡ್ ಪ್ಲೇಟನ್ನು ಜಾಬ್ ವರ್ಕಿಗೆ ಕೊಡಿ. ಪೀಣ್ಯದಲ್ಲಾಗಲಿ, ಹುಬ್ಬಳ್ಳಿಯ ಕೈಗಾರಿಕಾ ಪ್ರದೇಶದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗಿನಲ್ಲಾಗಲಿ ಕತ್ತರಿಸಿ ಬಗ್ಗಿಸಿ ಕೊಡುವವರು ಸಿಗುತ್ತಾರೆ, ಮತ್ತು ಅಲ್ಲಿ ಒಂದು ಬಾಗಿಗೆ ತೆಗೆದುಕೊಳ್ಳುವ ಹಣ ನೀವು ಪ್ರೆಸ್ಸಿಗೆ ಹಾಕುವ ಬಂಡವಾಳದ ಮುಂದೆ ಬಹಳ ಚಿಕ್ಕದು. ಮೊದಲು ರಟ್ಟಿನಲ್ಲಿ ನಮೂನೆ ಕತ್ತರಿಸಿ ಜೀಪಿನ ಅಡಿಗೆ ಹಿಡಿದು ನೋಡಿ, ಎಂಜಿನ್ ಆಯಿಲ್ ಬಿಡುವ ಬೋಲ್ಟಿಗೆ ಕೈ ಹೋಗುವ ತೂತು ಗುರುತಿಸಿ, ಆಮೇಲೆ ಡ್ರಾಯಿಂಗ್ ಮಾಡಿ. ಬಗ್ಗುವ ಅಂಚಿನ ಅಗಲ ತೀರ ಕಡಿಮೆಯಿದ್ದರೆ ಪ್ಲೇಟು ವಿ ಬಾಯೊಳಗೆ ಜಾರಿಬಿಡುತ್ತದೆ, 6 ಮಿ.ಮೀ. ಪ್ಲೇಟಿಗೆ 35 ಮಿ.ಮೀ.ಗಿಂತ ಚಿಕ್ಕ ಅಂಚು ಕೇಳಬೇಡಿ. ಕತ್ತರಿಸಿದ ಅಂಚಿನ ಮುಳ್ಳು ಬಾಗಿನ ಒಳಬದಿಗೆ ಬರುವಂತಿರಲಿ, ಹೊರಬದಿಯಲ್ಲಿದ್ದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಉತ್ತರ 3: ರ್‍ಯಾಲಿ ಕಾರುಗಳ ಕೇಜ್ ಕೆಲಸ ಬಲ್ಲವರಿಂದ

ರೋಲ್ ಕೇಜಿನ ಬಗ್ಗೆ ಯಾರೂ ಇನ್ನೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ, ಮತ್ತು ಈ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು: ಜಾಕಿ ಬೆಂಡರಿನಲ್ಲಿ ಕೇಜ್ ಮಾಡಬೇಡಿ. ಜೀಪು ಮಗುಚಿದಾಗ ತಲೆಯ ಮೇಲೆ ಉಳಿಯುವುದು ಅದೊಂದೇ.

ಅಂತಾರಾಷ್ಟ್ರೀಯ ಮೋಟಾರ್ ಕ್ರೀಡೆಯ ಸಂಸ್ಥೆಯಾದ ಎಫ್‌ಐಎ ತನ್ನ ನಿಯಮಗಳಲ್ಲಿ ಕೇಜಿನ ಮುಖ್ಯ ಕಮಾನಿಗೆ ಕೋಲ್ಡ್ ಡ್ರಾನ್ ಸೀಮ್‌ಲೆಸ್ ಕಾರ್ಬನ್ ಸ್ಟೀಲ್ ಟ್ಯೂಬನ್ನು (ಕಾಯಿಸದೆ ಎಳೆದು ಮಾಡಿದ, ಉದ್ದಕ್ಕೆ ಬೆಸುಗೆಯ ಗೆರೆಯಿಲ್ಲದ ಟ್ಯೂಬು), ಕನಿಷ್ಠ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ಗೋಡೆ, ಇಲ್ಲವೆ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ಗೋಡೆ ಇರುವಂತೆ ಕೇಳುತ್ತದೆ. ಟ್ಯೂಬನ್ನು ಕಾಯಿಸದೆ ಬಗ್ಗಿಸಬೇಕು, ಬಾಗಿನ ಮಧ್ಯರೇಖೆಯ ತ್ರಿಜ್ಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಿರಬಾರದು, ಬಾಗಿದ ಜಾಗದಲ್ಲಿ ಟ್ಯೂಬ್ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಕಿರಿಯ ವ್ಯಾಸವು ಹಿರಿಯ ವ್ಯಾಸದ 0.9 ಭಾಗದಷ್ಟಾದರೂ ಇರಬೇಕು. ನೀವು ಸ್ಪರ್ಧೆಗೆ ಹೋಗದಿದ್ದರೂ ಇದು ಮನೆಯಲ್ಲೇ ಮಾಡಿಕೊಳ್ಳಬಹುದಾದ ಒಳ್ಳೆಯ ಪರೀಕ್ಷೆ. ವರ್ನಿಯರ್ ಕ್ಯಾಲಿಪರಿನಿಂದ ಬಾಗಿನ ನಟ್ಟನಡುವೆ ಎರಡು ದಿಕ್ಕಿನಲ್ಲಿ ಅಳೆಯಿರಿ. 42 ಮತ್ತು 46.5 ಬಂದರೆ ಪರವಾಗಿಲ್ಲ. 40 ಮತ್ತು 46 ಬಂದರೆ ಆ ತುಂಡನ್ನು ಕೇಜಿಗೆ ಬಳಸಬೇಡಿ.

ಇಂಥ ಬಾಗು ಬರಬೇಕಾದರೆ ರೋಟರಿ ಡ್ರಾ ಬೆಂಡರ್ ಬೇಕು. ಅದರಲ್ಲಿ ಟ್ಯೂಬನ್ನು ತಿರುಗುವ ಡೈಗೆ ಬಿಗಿದು, ಇನ್ನೊಂದು ಬದಿಯಿಂದ ಒತ್ತುಗಟ್ಟೆಯ ಆಸರೆ ಕೊಟ್ಟು, ಡೈಯ ಸುತ್ತ ಎಳೆದು ಸುತ್ತಲಾಗುತ್ತದೆ. ಜಾಕಿಯ ಹಾಗೆ ನಡುವಿಗೆ ಗುದ್ದಿ ಬಗ್ಗಿಸುವುದಿಲ್ಲ. ಕೈಯಿಂದ ಎಳೆಯುವ ಮಾದರಿಗಳೂ ಇವೆ, ಆದರೆ ಪ್ರತಿ ವ್ಯಾಸಕ್ಕೂ ಬೇರೆ ಡೈ ಕೊಳ್ಳಬೇಕು, ನಿಜವಾದ ಖರ್ಚು ಇರುವುದು ಅಲ್ಲೇ. ಯಂತ್ರವನ್ನು ಕಾಂಕ್ರೀಟ್ ನೆಲಕ್ಕೆ ಆ್ಯಂಕರ್ ಬೋಲ್ಟ್ ಹಾಕಿ ಕೂರಿಸದಿದ್ದರೆ ಉದ್ದನೆಯ ಹಿಡಿ ಎಳೆಯುವಾಗ ಯಂತ್ರವೇ ಸುತ್ತುತ್ತದೆ. ಒಂದೇ ಜೀಪಿಗಾದರೆ ನನ್ನ ಸಲಹೆ ಸರಳ: ಕೇಜಿನ ಟ್ಯೂಬುಗಳನ್ನು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಬೆಂಡಿಂಗ್ ಇರುವಲ್ಲಿ ಬಗ್ಗಿಸಿಕೊಂಡು ಬನ್ನಿ, ಕತ್ತರಿಸಿ ಹೊಂದಿಸುವುದನ್ನು ಶೆಡ್ಡಿನಲ್ಲಿ ಮಾಡಿ, ಅಂತಿಮ ವೆಲ್ಡಿಂಗನ್ನು ಪಳಗಿದ ಕೈಗೆ ಒಪ್ಪಿಸಿ. ಗೆಳೆಯರು ನಾಲ್ಕೈದು ಜನ ಸೇರಿ ಬೆಂಡರ್ ಕೊಳ್ಳುವುದಾದರೆ ಒಂದೇ ವ್ಯಾಸವನ್ನು, 45 ಮಿ.ಮೀ. ಎನ್ನೋಣ, ಎಲ್ಲರೂ ಒಪ್ಪಿಕೊಂಡು ಒಂದೇ ಡೈ ತನ್ನಿ.

ಇಆರ್‌ಡಬ್ಲ್ಯೂ (ಉಕ್ಕಿನ ತಗಡನ್ನು ಸುತ್ತಿ ಉದ್ದಕ್ಕೆ ಬೆಸೆದು ಮಾಡಿದ) ಟ್ಯೂಬನ್ನು ಬೇರೆ ಯಾವುದೇ ಭಾಗಕ್ಕೆ ಬಗ್ಗಿಸುವಾಗಲೂ ಅದರ ಉದ್ದಕ್ಕಿರುವ ಬೆಸುಗೆಯ ಗೆರೆ ಬಾಗಿನ ಹೊರಮೈಗೂ ಒಳಮೈಗೂ ಬರದೆ ಪಕ್ಕಕ್ಕೆ ಬರುವಂತೆ ತಿರುಗಿಸಿ ಇಡಿ. ಎಳೆತವೂ ಒತ್ತಡವೂ ಅತಿ ಕಡಿಮೆ ಇರುವ ಜಾಗ ಅದು.

ಉತ್ತರ 4: ಚಿಕ್ಕಮಗಳೂರಿನಿಂದ

ಬಂಪರಿನ ಬಗ್ಗೆ ಒಂದೇ ಸೂಚನೆ. ಕಾರ್ಖಾನೆಯ ಮೂಲ ರಚನೆಗೆ ವ್ಯತಿರಿಕ್ತವಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ, ಮತ್ತು ಬಂಪರಿನ ಮುಂದೆ ಕಟ್ಟುವ ಲೋಹದ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದಿದೆ. ಜೀಪು ತೋಟದ ದಾರಿ ಬಿಟ್ಟು ಸಾರ್ವಜನಿಕ ರಸ್ತೆಗೆ ಇಳಿಯುವುದಾದರೆ, ಪೈಪಿನ ಕಮಾನು ಕಟ್ಟುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಸ್ಕಿಡ್ ಪ್ಲೇಟನ್ನೂ ಕೇಜಿನ ಟ್ಯೂಬನ್ನೂ ಹೊರಗೆ ಕೊಡುವುದೆಂದು, ಬಂಪರ್ ಮತ್ತು ಸಣ್ಣಪುಟ್ಟ ಭಾಗಗಳಿಗೆ ಜಾಕಿ ಬೆಂಡರ್ ಹಾಗೂ ಬಿ ಕ್ಲಾಸ್ ಪೈಪು ತರುವುದೆಂದು ತೀರ್ಮಾನಿಸಿದ್ದೇನೆ. ಗುರುತು ಎಲ್ಲಿ ಹಾಕಬೇಕು, ಎಷ್ಟು ಹೆಚ್ಚು ಬಗ್ಗಿಸಬೇಕು ಎಂಬುದನ್ನು ಹಾಸನದವರು ದಯವಿಟ್ಟು ಹೇಳುತ್ತೀರಾ?

ಉತ್ತರ 1ರವರು ಮತ್ತೆ

ಸರಿಯಾದ ತೀರ್ಮಾನ. ಜಾಕಿ ಬೆಂಡರಿನಲ್ಲಿ ನಿಮ್ಮ ಗುರುತು ಬಾಗಿನ ನಡುವಿಗೆ ಬರಬೇಕು, ಏಕೆಂದರೆ ಡೈ ನಡುವಿನಿಂದ ಒತ್ತುತ್ತದೆ. ರೋಟರಿ ಬೆಂಡರಿನಲ್ಲಾದರೆ ಗುರುತು ಬಾಗು ಶುರುವಾಗುವ ಜಾಗಕ್ಕೆ. ಒಂದರ ಲೆಕ್ಕವನ್ನು ಇನ್ನೊಂದರಲ್ಲಿ ಹಾಕಿದರೆ ಬಂಪರಿನ ಎರಡು ಕೊನೆಗಳು ಎಂದಿಗೂ ಸರಿಸಮ ಬರುವುದಿಲ್ಲ.

ಬಾಗು ನುಂಗುವ ಉದ್ದವನ್ನು ಮಧ್ಯರೇಖೆಯ ತ್ರಿಜ್ಯದಿಂದ ತೆಗೆಯಬೇಕು. 150 ಮಿ.ಮೀ. ತ್ರಿಜ್ಯದಲ್ಲಿ 90 ಡಿಗ್ರಿ ಬಾಗಿಗೆ ಸುಮಾರು 236 ಮಿ.ಮೀ. ಪೈಪು ಹೋಗುತ್ತದೆ, 45 ಡಿಗ್ರಿಗೆ ಸುಮಾರು 118. ನಿಮ್ಮ ಡೈಯ ತ್ರಿಜ್ಯ ಬೇರೆಯಿರುತ್ತದೆ, ಆದ್ದರಿಂದ ಮೊದಲ ತುಂಡನ್ನು ಕೆಲಸಕ್ಕಲ್ಲದೆ ಅಳತೆಗಾಗಿಯೇ ಬಗ್ಗಿಸಿ. ಒತ್ತಡ ಬಿಟ್ಟೊಡನೆ ಪೈಪು ಕೆಲವು ಡಿಗ್ರಿ ಹಿಂದಕ್ಕೆ ಬರುತ್ತದೆ. ಎಷ್ಟು ಎಂಬುದು ಮಾಲಿನ ಮೇಲೂ ಗೋಡೆಯ ದಪ್ಪದ ಮೇಲೂ ಇದೆ. ಆ ತುಂಡಿನಲ್ಲಿ ಬಂದ ವ್ಯತ್ಯಾಸವನ್ನು ಆಯಾ ಡೈಯ ಮೇಲೆ ಪೇಂಟ್ ಮಾರ್ಕರಿನಿಂದ ಬರೆದಿಡಿ, ಪ್ರತಿ ಸಲ ಹೊಸ ಲಾಟಿನ ಪೈಪು ತಂದಾಗ ಮತ್ತೊಮ್ಮೆ ನೋಡಿ. ಒತ್ತುವಾಗ ಪಂಪಿನ ಹಿಡಿಯನ್ನು ನಿಧಾನವಾಗಿ ಆಡಿಸಿ, ಎರಡು ಬದಿಯ ರೋಲರುಗಳಿಗೆ ಗ್ರೀಸ್ ಇರಲಿ, ಅವುಗಳ ಪಿನ್ನುಗಳು ಎಡಬಲಕ್ಕೆ ಒಂದೇ ಸಂಖ್ಯೆಯ ತೂತಿನಲ್ಲಿವೆಯೇ ಎಂದು ಪ್ರತಿ ಬಾಗಿಗೂ ಮುನ್ನ ಖಚಿತಪಡಿಸಿಕೊಳ್ಳಿ. ಪಿನ್ನು ಪೂರ್ತಿ ಕೂರದೆ ಒತ್ತಿದರೆ ಅದು ಸಿಡಿದು ಬರುವ ಅಪಾಯವಿದೆ, ಆದ್ದರಿಂದ ಒತ್ತುವಾಗ ಪೈಪಿನ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ.