ಅಜ್ಜಿ ಎಲ್ಲಿ ಹುಟ್ಟಿದ್ದು?

"ನಮ್ಮ ಹುಡುಗ ನೋಡ್ರಿ!" ಅಂತ ಕೊಟ್ರೇಶಿ ಮೊಬೈಲನ್ನು ಮಿರ್ಚಿ ತಟ್ಟೆ ಪಕ್ಕ ಇಟ್ಟ. ಇಂಗ್ಲೆಂಡಿನ ಆರನೇ ದರ್ಜೆ ಲೀಗಲ್ಲಿ ಆಡುವ ಯಾವನೋ ಫುಟ್‌ಬಾಲ್ ಆಟಗಾರ. ಅಪ್ಪ ಘಾನಾದವನಂತೆ, ಅಮ್ಮ ಲಂಡನ್ನಿನವಳಂತೆ, ಅಮ್ಮನ ಅಮ್ಮ ಹುಟ್ಟಿದ್ದು ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸ್‌ನಲ್ಲಂತೆ.

"ಅವನು ನಿಮ್ಮ ಹುಡುಗ ಅಂತ ಅವನಿಗೆ ಗೊತ್ತಾ?" ಹಾಲೇಶಣ್ಣ ಮಂಡಕ್ಕಿಯಿಂದ ತಲೆ ಎತ್ತಲಿಲ್ಲ.

"ರಕ್ತ ಅಣ್ಣ, ರಕ್ತ!"

"ರಕ್ತ ಬೇಕಿದ್ರೆ ಬ್ಲಡ್ ಬ್ಯಾಂಕಿಗೆ ಹೋಗು."

ಈಗ ಇದೇ ಒಂದು ಖಯಾಲಿ. ಹೊರದೇಶದ ಆಟಗಾರನ ಹೆಸರಿನ ಕೊನೆಗೆ ಒಂದು ಸಿಂಗ್, ಒಂದು ಚೋಪ್ರಾ ಕಂಡರೆ ಸಾಕು, ವಾಟ್ಸಾಪ್ ಗ್ರೂಪಿನ ತುಂಬ ಬಾವುಟ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಫುಟ್‌ಬಾಲ್ ನಡೆಸೋ ಫಿಫಾ ಸಂಸ್ಥೆಯ ನಿಯಮ ಅದು. ಹೊಸದಾಗಿ ಪೌರತ್ವ ಪಡೆದವನಾದರೆ ಅಪ್ಪ ಅಮ್ಮ, ಇಲ್ಲಾ ಅಜ್ಜ ಅಜ್ಜೀಲಿ ಒಬ್ಬರು ಆ ದೇಶದಲ್ಲಿ ಹುಟ್ಟಿದ್ರೂ ಅದರ ತಂಡಕ್ಕೆ ಆಡಬಹುದು. ಕುರಸಾವ್ ಅನ್ನೋ ದ್ವೀಪ 2026ರ ವಿಶ್ವಕಪ್‌ಗೆ ಹೋಗಿದ್ದೇ ಹೀಗೆ. ಜನಸಂಖ್ಯೆ ಒಂದೂವರೆ ಲಕ್ಷ ಚಿಲ್ಲರೆ. ಆಟಗಾರರು ಜಾಸ್ತಿ ಜನ ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ."

"ದಾವಣಗೆರೆ 2011ರಲ್ಲೇ ನಾಲ್ಕು ಲಕ್ಷ ದಾಟಿತ್ತು! ನಮಗೂ ಒಂದು ತಂಡ ಬೇಡ್ವಾ?" ಅಂದ ರುದ್ರೇಶ.

"ಕಟ್ಟೋಣ," ಅಂದ ಹಾಲೇಶಣ್ಣ. "ಕೊಟ್ರೇಶಿ, ನಿಮ್ಮಜ್ಜಿ ಹುಟ್ಟಿದ್ದೆಲ್ಲಿ?"

"ಕೂಡ್ಲಿಗಿ."

"ಫಾರಿನ್. ರುದ್ರೇಶ?"

"ರಾಣೆಬೆನ್ನೂರು."

"ಹೊಳೆ ದಾಟಿದ್ರೆ ವೀಸಾ ಬೇಕಪ್ಪ. ಮೇಷ್ಟ್ರೇ?"

"ಹೊಳಲ್ಕೆರೆ. ಆದ್ರೆ 1997ಕ್ಕೆ ಮುಂಚೆ ದಾವಣಗೆರೇನೂ ಚಿತ್ರದುರ್ಗ ಜಿಲ್ಲೇಲೇ ಇತ್ತಲ್ವಾ!"

"ನಿಮ್ಮದು ಸೋವಿಯತ್ ಒಕ್ಕೂಟದ ಕೇಸು. ಅರ್ಜಿ ಬರೆದುಕೊಂಡು ಬನ್ನಿ."

"ಹಂಗೆ ನೋಡಿದ್ರೆ ಬೆಣ್ಣೆ ದೋಸೇನೂ ನಮ್ಮದಲ್ಲ," ರುದ್ರೇಶ ಮುನಿಸಿಕೊಂಡ. "1928ರಲ್ಲಿ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಶುರು ಮಾಡಿದ್ದು ಅಂತಾರೆ."

"ದೋಸೆಗೆ ಪಾಸ್‌ಪೋರ್ಟ್ ಕೇಳಿದ್ರೆ ಹೊಟ್ಟೆಗೇನು ತಿಂತೀಯ?"

ಮೇಷ್ಟ್ರು ನಗಲಿಲ್ಲ. "ಇಝುಮಿ ಅರಾಟ ಅಂತ ಒಬ್ಬ ಇದ್ದ. ಅಪ್ಪ ಭಾರತದವರು, ಅಮ್ಮ ಜಪಾನಿನವರು. ನಮ್ಮಲ್ಲಿ ಎರಡು ಪೌರತ್ವಕ್ಕೆ ಜಾಗ ಇಲ್ಲ. ಜಪಾನಿನದು ಬಿಟ್ಟುಕೊಟ್ಟು 2013ರಲ್ಲಿ ಭಾರತಕ್ಕೆ ಆಡಿದ."

"ಜಪಾನ್ ಪಾಸ್‌ಪೋರ್ಟ್ ಬಿಟ್ನಾ!" ಕೊಟ್ರೇಶಿಗೆ ಎದೆ ಧಸಕ್ಕೆಂದಿತು. ಅವನ ಮಗ ಕೆನಡಾದ ಪಾಸ್‌ಪೋರ್ಟಿಗೆ ಕಾಯುತ್ತಾ ಕೂತಿದ್ದಾನೆ.

"ಅದಿರಲಿ, ನಿನ್ನ ಇಂಗ್ಲೆಂಡಿನ ಹುಡುಗ ಹೊಟ್ಟೆಪಾಡಿಗೆ ಏನು ಮಾಡ್ತಾನೆ?" ಹಾಲೇಶಣ್ಣ ಕೇಳಿದ.

"ಸೆಮಿ ಪ್ರೊಫೆಷನಲ್ ಅಂತ ಹಾಕಿದ್ದಾರೆ."

"ಅಂದ್ರೆ ಹಗಲು ದುಡಿಮೆ, ಸಂಜೆ ಪ್ರಾಕ್ಟೀಸು, ವಾರದ ಕೊನೆಗೆ ಮ್ಯಾಚು," ಮೇಷ್ಟ್ರು ಬಿಡಿಸಿದರು. "ಜೇಮಿ ವಾರ್ಡಿ ಹಂಗೇ ಇದ್ದ. ವಾರಕ್ಕೆ 30 ಪೌಂಡಿಗೆ ಸಣ್ಣ ಕ್ಲಬ್ಬಲ್ಲಿ ಆಡ್ತಾ, ಕೈಕಾಲಿಗೆ ಕಟ್ಟೋ ಆಸರೆ ಪಟ್ಟಿ ಮಾಡೋ ಫ್ಯಾಕ್ಟರೀಲಿ ಕೆಲಸ ಮಾಡ್ತಿದ್ದ. 2016ರಲ್ಲಿ ಲೆಸ್ಟರ್ ತಂಡದ ಜೊತೆ ಅಲ್ಲಿನ ಮೊದಲ ದರ್ಜೆಯ ಪ್ರೀಮಿಯರ್ ಲೀಗನ್ನೇ ಗೆದ್ದ."

"ಹಾಗಾದ್ರೆ ನಮ್ಮ ಇರ್ಫಾನ್ ಥರ," ಅಂದ ಹಾಲೇಶಣ್ಣ.

"ಯಾವ ಇರ್ಫಾನ್? ನನ್ನ ಅಂಗಡಿ ಹುಡುಗನಾ?" ಕೊಟ್ರೇಶಿ ಕೇಳಿದ.

"ಅವನೇ. ಬೆಳಗ್ಗೆ ಹೈಸ್ಕೂಲ್ ಮೈದಾನದಲ್ಲಿ ಬಾಲು ಒದೆಯೋದು, ಆಮೇಲೆ ರಾತ್ರಿವರೆಗೆ ನಿನ್ನ ಸಿಮೆಂಟ್ ಚೀಲ ಹೊರೋದು. ಅವನಜ್ಜಿ ಹುಟ್ಟಿದ್ದು ಇದೇ ಊರಲ್ಲಿ, ದುಡಿದಿದ್ದು ಇಲ್ಲಿನ ಹತ್ತಿ ಗಿರಣೀಲಿ. ನಮ್ಮ ತಂಡಕ್ಕೆ ಲಾಯಕ್ಕಾದವನು ಅವನೊಬ್ಬನೇ ಕಣಪ್ಪ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಹಾಲೇಶಣ್ಣನೇ ಮುಂದುವರಿಸಿದ. "ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ರು ನಮ್ಮೂರನ್ನ. ಇಂಗ್ಲೆಂಡಿನ ಮ್ಯಾಂಚೆಸ್ಟರಲ್ಲಿ ಗಿರಣಿ ಮುಚ್ಚಿದ ಮೇಲೂ ಎರಡು ಫುಟ್‌ಬಾಲ್ ಕ್ಲಬ್ ಉಳಿದ್ವು. ಇಲ್ಲಿ ಗಿರಣಿ ಮುಚ್ಚಿದ ಮೇಲೆ ಸೈಟು ಉಳಿದ್ವು. ಭಾನುವಾರ ಹರಿಹರದಲ್ಲಿ ಮ್ಯಾಚಂತೆ. ಅರ್ಧ ದಿನ ರಜೆ ಕೇಳಿದ್ನಂತಲ್ಲ, ಕೊಟ್ಟೆಯಾ?"

"ಲೋಡ್ ಬರುತ್ತಣ್ಣ ಅವತ್ತು. ಇಳಿಸೋರು ಯಾರು?"

"ನಿನ್ನ ಲಂಡನ್ ಹುಡುಗನಿಗೆ ಫೋನ್ ಹಚ್ಚು. ರಕ್ತಸಂಬಂಧ, ಓಡಿ ಬರ್ತಾನೆ."

ರುದ್ರೇಶನಿಗೆ ನಗುವಿನ ಜೊತೆ ಮಿರ್ಚಿ ನೆತ್ತಿಗೇರಿತು. ಕೊಟ್ರೇಶಿ ಸುಮ್ನೆ ಮಂಡಕ್ಕಿ ಕೆದಕಿದ. "ಆಯ್ತಪ್ಪ, ಹೋಗ್ಲಿ. ಆದ್ರೆ ಅರ್ಧ ದಿನದ ಪಗಾರ ಹಿಡೀತೀನಿ."

"ಹಿಡಿ, ಹಿಡಿ," ಅಂದ ಹಾಲೇಶಣ್ಣ. "ಅದಕ್ಕೇ ಅವನು ಸೆಮಿ ಪ್ರೊಫೆಷನಲ್."