ಫ್ಲೂ ಬಂದವರಲ್ಲಿ ಯಾರನ್ನು ಮನೆಗೆ ಕಳಿಸೋದು, ಯಾರನ್ನು ರೆಫರ್ ಮಾಡೋದು?

ಪ್ರಶ್ನೆ: ಪಿಎಚ್‌ಸಿಗೆ ವೈದ್ಯೆಯಾಗಿ ಸೇರಿ ಮೂರು ತಿಂಗಳಾಯಿತು. ಮಳೆ ಹಿಡಿದ ಮೇಲೆ ಒಪಿಡಿ ತುಂಬ ಜ್ವರ, ಕೆಮ್ಮು. ಕೆಲವರ ಎದೆಯಲ್ಲಿ ಕ್ರೆಪ್ಸ್ (ಉಸಿರಿನ ಜೊತೆ ಚಟಪಟ ಸದ್ದು) ಕೇಳಿಸುತ್ತದೆ. ಎಕ್ಸ್‌ರೇ ಬೇಕೆಂದರೆ ತಾಲ್ಲೂಕಿಗೇ ಹೋಗಬೇಕು. ನ್ಯುಮೋನಿಯಾ ಎಷ್ಟು ಜೋರು ಅಂತ ಅಳೆಯುವ ಕರ್ಬ್-65 ಅಂಕವನ್ನು ವೈರಲ್ ನ್ಯುಮೋನಿಯಾಕ್ಕೆ ನಂಬಬಹುದಾ? ನೀವೆಲ್ಲ ಹೇಗೆ ನಿರ್ಧರಿಸುತ್ತೀರಿ?

ತಾಲ್ಲೂಕು ಆಸ್ಪತ್ರೆಯ ಫಿಸಿಷಿಯನ್: ನಂಬಿ, ಆದರೆ ಅದನ್ನೊಂದನ್ನೇ ಅಲ್ಲ. ರೋಗಿಗೆ ಗೊಂದಲ, ರಕ್ತದಲ್ಲಿ ಯೂರಿಯಾ ಜಾಸ್ತಿ, ನಿಮಿಷಕ್ಕೆ ಉಸಿರಾಟ 30 ಅಥವಾ ಜಾಸ್ತಿ, ಬಿಪಿ ಮೇಲಿನದು 90ರ ಕೆಳಗೆ ಇಲ್ಲವೇ ಕೆಳಗಿನದು 60 ಅಥವಾ ಕಡಿಮೆ, ವಯಸ್ಸು 65 ಅಥವಾ ಮೇಲೆ, ಒಂದೊಂದಕ್ಕೂ ಒಂದು ಅಂಕ. ಆಕ್ಸಿಜನ್ ಲೆಕ್ಕಕ್ಕೇ ಇಲ್ಲ ನೋಡಿ! ವೈರಲ್‌ನಲ್ಲಿ ಮೋಸ ಹೋಗುವುದು ಅಲ್ಲೇ.

ನನಗಾದದ್ದು ಹೇಳ್ತೀನಿ. ಅಡಿಕೆ ಕೊನೆ ತೆಗೆಯುವ ಆಳು, ನಲವತ್ತೂ ಆಗಿಲ್ಲ, ಜ್ವರಕ್ಕೆ ಆರನೇ ದಿನ. ನಡೆದುಕೊಂಡೇ ಬಂದ, ಬೈಕ್ ಎಲ್ಲಿ ನಿಲ್ಲಿಸಲಿ ಅಂತ ವಾಚ್‌ಮನ್ ಜೊತೆ ಜಗಳವನ್ನೂ ಆಡಿದ್ದ. ಚೀಟಿಯಲ್ಲಿ ಉಸಿರಾಟ 20 ಅಂತ ಬರೆದಿತ್ತು. ಅಂಕ ಸೊನ್ನೆ. ಮಾತ್ರೆ ಬರೆಯೋಕೆ ಪೆನ್ ತೆಗೆದವನು, ಅವನು ಒಂದು ವಾಕ್ಯವನ್ನು ಎರಡು ಸಲ ನಿಂತು ಮುಗಿಸಿದ್ದು ಕಿವಿಗೆ ಬಿತ್ತು ಅಂತ ಕೂರಿಸಿ ಎಣಿಸಿದೆ. 28. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 87. ಆಗಲೂ ಅಂಕ ಸೊನ್ನೆಯೇ! ಅಂದೇ ಆಕ್ಸಿಜನ್ ಹಾಕಿ ಜಿಲ್ಲಾಸ್ಪತ್ರೆಗೆ ಕಳಿಸಿದೆವು.

ಹಾಗಾಗಿ ದೊಡ್ಡವರಲ್ಲಿ ನನ್ನ ಗೆರೆ ಕೋವಿಡ್ ಕಾಲದ್ದೇ. ಉಸಿರಾಟ 24 ಮುಟ್ಟಿದರೆ ಅಥವಾ ಸ್ಯಾಚುರೇಶನ್ (ಆಕ್ಸಿಮೀಟರ್ ತೋರಿಸುವ ಆಕ್ಸಿಜನ್ ಅಂಕಿ) 94ಕ್ಕಿಂತ ಕಡಿಮೆಯಾದರೆ ಮನೆಗಿಲ್ಲ. 30 ಮುಟ್ಟಿದರೆ ಅಥವಾ 90ಕ್ಕಿಂತ ಇಳಿದರೆ ಆಂಬುಲೆನ್ಸ್. ಹಳೆಯ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಈ ಗೆರೆ ಹೊಂದುವುದಿಲ್ಲ, ಅವರಲ್ಲಿ ಕೆಲವರು ಚೆನ್ನಾಗಿದ್ದಾಗಲೂ 90ರ ಆಸುಪಾಸೇ ಇರುತ್ತಾರೆ.

ಯೂರಿಯಾ ಸಿಗದಿದ್ದರೆ ಬಿಟ್ಟು ಉಳಿದ ನಾಲ್ಕನ್ನೇ ನೋಡಿ. ಸಿಕ್ಕಿದರೆ, ರಿಪೋರ್ಟಿನಲ್ಲಿ ಯೂರಿಯಾ ಅಂತಿದೆಯೋ ಬಿಯುಎನ್ (ಯೂರಿಯಾದೊಳಗಿನ ನೈಟ್ರೋಜನ್ ಲೆಕ್ಕ) ಅಂತಿದೆಯೋ ಓದಿ. ಯೂರಿಯಾ ಆದರೆ ಸುಮಾರು 42 ಮಿ.ಗ್ರಾಂ. ದಾಟಬೇಕು, ಬಿಯುಎನ್ ಆದರೆ 20ರ ಹತ್ತಿರ. ಇದನ್ನು ಅದಲುಬದಲು ಮಾಡಿ ಹೌಸ್‌ಸರ್ಜನ್ ಆಗಿದ್ದಾಗ ಬೈಸಿಕೊಂಡವರಲ್ಲಿ ನಾನೂ ಒಬ್ಬ.

ಸ್ಟಾಫ್ ನರ್ಸ್: ಸರ್ ಹೇಳಿದ ಆ 20, ನಮ್ಮ ಕಡೆಯವರೇ ಬರೆಯೋದು, ಒಪ್ಪಿಕೊಳ್ತೀನಿ. ನೂರು ಜನ ಲೈನಿನಲ್ಲಿದ್ದರೆ ಯಾರು ಎಣಿಸುತ್ತಾರೆ? ಇಡೀ ವಾರ್ಡಿನ ಚಾರ್ಟ್ ತೆಗೆದರೂ 20, 20, 20. ಈಗ ನಾನು ನಾಡಿ ಹಿಡಿದವಳ ಹಾಗೆ ಕೈ ಹಿಡಿದುಕೊಂಡು, ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಉಸಿರು ಎಣಿಸ್ತಿದೀನಿ ಅಂತ ಹೇಳಿದರೆ ಉಸಿರಾಡುವ ರೀತಿಯೇ ಬದಲಾಗುತ್ತೆ. ಆಕ್ಸಿಮೀಟರ್ ಹಾಕುವ ಮೊದಲು ನೇಲ್ ಪಾಲಿಶ್ ಒರೆಸಿ, ಮಳೆಯಲ್ಲಿ ನೆನೆದು ಬಂದವರ ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾಯಿರಿ. 95, 96 ಇದ್ದೂ ಅನುಮಾನವಿದ್ದರೆ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಮತ್ತೆ ನೋಡಿ. 3 ಅಥವಾ ಜಾಸ್ತಿ ಇಳಿದರೆ ಡಾಕ್ಟರನ್ನು ಕರೀತೀವಿ. ಮೊದಲೇ ಕಡಿಮೆ ಇರೋರನ್ನು ಮಾತ್ರ ನಡೆಸಬೇಡಿ ಮೇಡಂ.

ಮಕ್ಕಳ ವೈದ್ಯೆ: ಮಕ್ಕಳ ಉಸಿರಾಟಕ್ಕೆ ಮೇಲಿನ ಯಾವ ಅಂಕಿಯೂ ಬೇಡ. ಎರಡು ತಿಂಗಳೊಳಗೆ 60, ವರ್ಷದೊಳಗೆ 50, ಐದು ವರ್ಷದವರೆಗೆ 40, ಅಷ್ಟು ಮುಟ್ಟಿದರೆ ವೇಗದ ಉಸಿರು. ಅಮ್ಮನ ತೊಡೆ ಮೇಲೆ, ಅಳು ನಿಂತ ಮೇಲೆ, ಅಂಗಿ ಎತ್ತಿ ಎಣಿಸಿ. ಪಕ್ಕೆ ಒಳಗೆ ಸೆಳೆಯುತ್ತಿದೆಯಾ ನೋಡಿ. ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತಾ ಕೂರದೆ ಕಳಿಸಿ.

ಫಿಸಿಷಿಯನ್, ಮತ್ತೆ: ಬಸುರಿಯರನ್ನು ಹೇಳೋದೇ ಮರೆತೆ. ಫ್ಲೂ ಅನುಮಾನ ಬಂದರೆ ಸಾಕು, ಸ್ವಾಬ್ ರಿಪೋರ್ಟ್‌ಗೆ ಕಾಯದೆ ಫ್ಲೂ ವೈರಸ್‌ನ ಔಷಧಿ ಒಸೆಲ್ಟಾಮಿವಿರ್ ಶುರು ಮಾಡಿ. ಮೊದಲ 48 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ರೋಗ ಜೋರಾಗಿದ್ದರೆ ತಡವಾಗಿದ್ದರೂ ಕೊಡಿ. ಮನೆಗೆ ಕಳಿಸುವ ಎಲ್ಲರಿಗೂ ನಾನು ಒಂದು ಮಾತು ಹೇಳಿ ಕಳಿಸ್ತೀನಿ: ಜ್ವರ ಇಳಿದು ಎರಡು ದಿನ ಆರಾಮಾಗಿ, ಮತ್ತೆ ಜ್ವರ ಬಂದು ಕಫ ಬಣ್ಣ ತಿರುಗಿದರೆ ಅದು ಬೇರೆ ಸೋಂಕಿರಬಹುದು, ಉಳಿದ ಮಾತ್ರೆ ನುಂಗುತ್ತಾ ಕೂರಬೇಡಿ, ಅವತ್ತೇ ವಾಪಸ್ ಬನ್ನಿ.