ಅರ್ಕಾವತಿಗೆ ನದಿ ಸಭೆ ಅಂದರೆ ಬರುವವರು ಯಾರು?

ನಂದಿತಪ್ಪಲು: ನಂದಿಬೆಟ್ಟದಿಂದ ಕನಕಪುರದಾಚೆ ಕಾವೇರಿ ಸೇರುವ ಸಂಗಮದವರೆಗೆ, ಅರ್ಕಾವತಿ ಹರಿಯುವ (ಹರಿಯುತ್ತಿದ್ದ ಅನ್ನಬೇಕೇನೋ) ಊರುಗಳಿಂದ ಇಬ್ಬಿಬ್ಬರನ್ನು ಸೇರಿಸಿ ಒಂದು ನದಿ ಸಭೆ ಮಾಡಿದರೆ ಹೇಗೆ? ರಾಜಸ್ಥಾನದ ಅಲ್ವರ್ ಕಡೆ ಅರ್ವರಿ ನದಿಗೆ 1999ರಲ್ಲಿ ಸುಮಾರು 70 ಹಳ್ಳಿಯವರು ಸೇರಿ ತಮ್ಮದೇ ಸಂಸತ್ತು ಕಟ್ಟಿಕೊಂಡರು. ನೀರು ಜಾಸ್ತಿ ಕುಡಿಯುವ ಕಬ್ಬಿನಂಥ ಬೆಳೆ ಬೇಡ ಅಂತ ಅವರೇ ತೀರ್ಮಾನ ಮಾಡಿದರು. ನಮ್ಮ ಕೈಲಿ ಆಗಲ್ವಾ?

ಒಂದೂವರೆ ಇಂಚು: ಆಗುತ್ತೆ ಸರ್, ಫ್ಲೆಕ್ಸ್ ಹಾಕಿ, ನಾಲ್ಕು ಸಸಿ ನೆಟ್ಟು, ಫೋಟೊ ತೆಗೆದು, ಪಲಾವ್ ತಿಂದು ಬರೋದು. ಆಮೇಲೆ ಕೊನೆಗೆ ಎಲ್ಲ ನಿಂತುಕೊಳ್ಳೋದು ರೈತನ ಬೋರ್‌ವೆಲ್ ಹತ್ತಿರ. ನಾನು ದೊಡ್ಡಬಳ್ಳಾಪುರದವನು, ದ್ರಾಕ್ಷಿ ಇದೆ. ಮೋಟಾರ್ ನಿಲ್ಲಿಸು ಅಂದರೆ ಸಾಲ ಯಾರು ತೀರಿಸ್ತಾರೆ?

ಹಳೇ ಮೇಷ್ಟ್ರು: ಕೋಪ ಬೇಡಪ್ಪ. ಆದರೆ ಬೋರ್‌ವೆಲ್ ಮಾತು ಬಿಟ್ಟು ಅರ್ಕಾವತಿ ಮಾತಾಡೋಕೆ ಆಗಲ್ಲ. ಈ ನದಿ ಯಾಕೆ ಬತ್ತಿತು ಅಂತ ಪರಿಸರದ ಸಂಶೋಧನೆ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯವರು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ದಾರೆ. ಮಳೆ ಕಮ್ಮಿ ಆಗಿದ್ದು ಕಾರಣ ಅಲ್ಲ. ಅಂತರ್ಜಲ ಎತ್ತಿದ್ದು, ನೀಲಗಿರಿ ತೋಪು ಹಬ್ಬಿದ್ದು, ಇವೇ ದೊಡ್ಡ ಕಾರಣ. ಮೊದಲು ಬಾವಿ ನೀರು ಕೈಗೆ ಸಿಗುವಷ್ಟು ಮೇಲಿತ್ತು, ಮಳೆ ನಿಂತ ಮೇಲೂ ನೆಲದೊಳಗಿಂದ ಹಳ್ಳಕ್ಕೆ ಜಿನುಗುತ್ತಿತ್ತು. ಈಗ ನೀರು ಸಾವಿರ ಅಡಿ ಕೆಳಗಿದೆ. ಜಿನುಗೋದು ಎಲ್ಲಿಂದ? ಇದೇ ನದಿಯ ಹೆಸರಘಟ್ಟ 1890ರ ದಶಕದಿಂದ ಬೆಂಗಳೂರಿಗೆ ನೀರು ಕೊಟ್ಟ ಕೆರೆ, ಆಮೇಲೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಇಡೀ ನಗರ ಕುಡಿದಿದ್ದು ಇದೇ ನೀರನ್ನು.

ಸಿಟಿ ಹುಡುಗ: ಎತ್ತಿನಹೊಳೆ ನೀರು ಬರುತ್ತಲ್ಲ, 24 ಟಿಎಂಸಿ. ಇಷ್ಟೆಲ್ಲ ತಲೆನೋವು ಯಾಕೆ?

ನಂದಿತಪ್ಪಲು: ಪಶ್ಚಿಮ ಘಟ್ಟದಿಂದ ಪಂಪ್ ಮಾಡಿ ತರೋ ನೀರು ಗುರು ಅದು. ಮನೆ ಬಾಗಿಲಲ್ಲಿದ್ದ ನದಿ ಕಳೆದುಕೊಂಡು ಪಕ್ಕದ ಊರಿನ ಹೊಳೆ ನೆಚ್ಚಿಕೊಂಡು ಕೂರೋದಾ?

ರೇಷ್ಮೆಗೂಡು: ನಮ್ಮದು ಉಲ್ಟಾ ಕಥೆ. ನಾನು ಕನಕಪುರದ ಕಡೆಯವಳು. ನಮಗೆ ನೀರಿಲ್ಲ ಅನ್ನೋ ಮಾತೇ ಇಲ್ಲ, ವರ್ಷಪೂರ್ತಿ ಹರಿಯುತ್ತೆ, ಯಾಕಂದರೆ ವೃಷಭಾವತಿ ಬೆಂಗಳೂರಿನ ಚರಂಡಿ ನೀರೆಲ್ಲ ಹೊತ್ತು ತಂದು ಅರ್ಕಾವತಿಗೆ ಸುರಿಯುತ್ತೆ. ಬೈರಮಂಗಲ ಕೆರೆ ಕಡೆ ಒಂದು ಸಲ ಹೋಗಿ ನೋಡಿ. ನೊರೆ ಎಷ್ಟು ಅಂದರೆ ಗಾಳಿಗೆ ಹಾರಿ ರಸ್ತೆಗೆ ಬರುತ್ತೆ. ಭತ್ತ ಬಿಟ್ಟು ಹುಲ್ಲು, ಬೇಬಿಕಾರ್ನ್, ಹಿಪ್ಪುನೇರಳೆ ಬೆಳೆಯೋ ಕಡೆಗೆ ಜನ ಹೋಗಿದ್ದಾರೆ. ನಮ್ಮ ಅತ್ತೆ ಆ ನೀರು ಹಾಯಿಸಿದ ಗದ್ದೆಗೆ ಇಳಿದು ಬಂದ ದಿನ ಕಾಲು ತುರಿಕೆ ಅಂತ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೂರ್ತಾರೆ. ನಿಮ್ಮ ಸಭೆಯಲ್ಲಿ ನಾನು ಬಂದು ‘ಬೋರ್‌ವೆಲ್ ಕಮ್ಮಿ ಮಾಡಿ’ ಅನ್ನಲಾ, ‘ಫ್ಲಶ್ ಕಮ್ಮಿ ಮಾಡಿ’ ಅನ್ನಲಾ?

ಹಳೇ ಮೇಷ್ಟ್ರು: ಎರಡನ್ನೂ ಹೇಳಮ್ಮ. ಮೇಲಿನವರಿಗೂ ಕೊಳಚೆ ತಪ್ಪಿಲ್ಲ. ದೊಡ್ಡಬಳ್ಳಾಪುರದ ಹತ್ತಿರದ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯವರು ಕೆರೆಗೆ ಬರುವ ಕೊಳಚೆ ನಿಲ್ಲಿಸಿ ಅಂತ ವರ್ಷಗಟ್ಟಲೆ ಹೋರಾಡುತ್ತಿದ್ದಾರೆ.

ಪಂಚಾಯಿತಿ ಅಕ್ಕ: ನಾನು ಒಂದು ಅವಧಿ ಸದಸ್ಯೆ ಆಗಿದ್ದೆ, ಅದಕ್ಕೆ ಹೇಳ್ತೀನಿ. ನೀರಿನ ಬಜೆಟ್ ಅಂತ ನಮ್ಮಲ್ಲೂ ಮಾಡಿದರು. ಗೋಡೆ ಮೇಲೆ ನೀಲಿ ಬಣ್ಣದಲ್ಲಿ ಮಳೆ ಎಷ್ಟು, ಖರ್ಚು ಎಷ್ಟು ಅಂತ ಬರೆದರು. ಆದರೆ ಎಷ್ಟು ಬೋರ್‌ವೆಲ್ ಇದೆ, ಎಷ್ಟು ಹೊತ್ತು ಓಡುತ್ತೆ ಅಂತ ಯಾರೂ ಬಾಯಿ ಬಿಡಲಿಲ್ಲ. ನಮ್ಮ ಯಜಮಾನರೇ ಎರಡು ಅಂದರು. ಇರೋದು ನಾಲ್ಕು! ನಗಬೇಡಿ. ಹಿಂದೆ ಕೆರೆಗೆ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ಅವನೇ ತೂಬು ಎತ್ತಿ ಬಿಡುತ್ತಿದ್ದ, ಗೌಡ ಆದರೂ ಅವನ ಮಾತು ಕೇಳಬೇಕಿತ್ತು. ಕೆರೆ ನೀರು ಎಲ್ಲರ ಕಣ್ಣಿಗೆ ಕಾಣುತ್ತಿತ್ತಲ್ಲ, ಅದಕ್ಕೇ ನಡೆಯಿತು. ಬೋರ್ ನೀರು ಯಾರಿಗೆ ಕಾಣುತ್ತೆ? ಅದಕ್ಕೇ ಹೇಳೋದು, ಸಸಿ ಆಮೇಲೆ. ಮೊದಲು ಪ್ರತಿ ಊರಿನ ಲೆಕ್ಕ ಬಯಲಿಗೆ ಬರಲಿ.

ಒಂದೂವರೆ ಇಂಚು: ಲೆಕ್ಕ ಕೊಟ್ಟರೆ ನಾಳೆ ಅದನ್ನೇ ಹಿಡಿದು ಮೀಟರ್ ಹಾಕ್ತಾರೆ ಅಕ್ಕ. ನೀಲಗಿರಿ ನೆಡಿ ಅಂತ ಒಂದು ಕಾಲಕ್ಕೆ ಸರ್ಕಾರವೇ ಹೇಳಿತು, ನಮ್ಮಪ್ಪ ಮೂರು ಎಕರೆ ನೆಟ್ಟರು. 2017ರಲ್ಲಿ ನಿಷೇಧ ಅಂತು. ಯಾರನ್ನ ನಂಬೋದು?

ರೇಷ್ಮೆಗೂಡು: ಸರ್ಕಾರಕ್ಕೆ ಕೊಡಬೇಡಿ ಅಣ್ಣ, ನಮಗೆ ಕೊಡಿ. ನಾವೂ ಎಷ್ಟು ಕೊಳಚೆ ಹಾಯಿಸ್ತೀವಿ ಅಂತ ಹೇಳ್ತೀವಿ. ರೇಷ್ಮೆ ಹುಳ ಯಾವ ತಿಂಗಳು ಸಾಯುತ್ತೆ ಅಂತಲೂ ಬರೆದಿಟ್ಟಿದ್ದೀನಿ, ಮನೆ ಕ್ಯಾಲೆಂಡರ್ ಹಿಂದೆ.

ನಂದಿತಪ್ಪಲು: ಅರ್ವರಿಯವರೂ ಸಂಸತ್ತು ಮಾಡಿದ್ದು ಆಮೇಲೆ. ಅದಕ್ಕೆ ಮೊದಲು ಎಷ್ಟೋ ವರ್ಷ ಜೋಹಡ್ ಅಂತ ಸಣ್ಣ ಕಟ್ಟೆಗಳನ್ನು ಸೇರಿ ಕಟ್ಟಿದ್ದರು. ನಾನು ಶುರು ಮಾಡಿದ್ದೇ ತಪ್ಪು ತುದಿಯಿಂದ, ಒಪ್ಪಿದೆ. ಭಾನುವಾರ ಒಂದು ಹಾಳೆ ಹಾಕ್ತೀನಿ: ಊರು, ಬೋರ್ ಎಷ್ಟು ಅಡಿ, ಎಷ್ಟು ಗಂಟೆ ಓಡುತ್ತೆ, ಬೆಳೆ ಏನು. ಹೆಸರು ಬೇಡ.

ಒಂದೂವರೆ ಇಂಚು: ಭಾನುವಾರದವರೆಗೆ ಯಾಕೆ? ಬರ್ಕೊಳ್ಳಿ. ಮೂರು ಬೋರ್, ಎರಡು ಫೇಲ್. ನಡೀತಿರೋದು 1,250 ಅಡಿ, ನೀರು ಒಂದೂವರೆ ಇಂಚು, ಕರೆಂಟ್ ಇದ್ದಷ್ಟು ಹೊತ್ತೂ ಓಡುತ್ತೆ. ಅಕ್ಕ, ನಿಮ್ಮ ಯಜಮಾನರ ನಾಲ್ಕನ್ನೂ ಬರೆಸಿ.